ಕಮಾಂಡ್ ಲೈನ್‌ನಿಂದ ಹಾರ್ಡ್ ಡಿಸ್ಕ್ ಆರೋಗ್ಯ ಪರೀಕ್ಷೆ: ಯಾವುದು ಮೊದಲು, ಯಾವುದು ಆಮೇಲೆ

ಫೈಲ್ ತೆರೆಯಲು ಹೋದರೆ ಕಂಪ್ಯೂಟರ್ ಅರ್ಧ ನಿಮಿಷ ಸುಮ್ಮನೆ ನಿಂತುಬಿಡುತ್ತದೆ. ಕಾಪಿ ಮಾಡುವಾಗ ಮಧ್ಯದಲ್ಲೇ ಎರರ್ ಬರುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಲಿನಕ್ಸ್‌ನಲ್ಲಿ ಎಫ್‌ಎಸ್‌ಸಿಕೆ ಓಡಿಸುವುದು, ವಿಂಡೋಸ್‌ನಲ್ಲಾದರೆ ಚೆಕ್‌ಡಿಸ್ಕ್. ಎಡವುವುದು ಇಲ್ಲೇ. ಇವೆರಡೂ ಫೈಲ್ ಸಿಸ್ಟಮ್ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ರಿಪೇರಿ ಮಾಡುವ ಸಾಧನಗಳು. ಡಿಸ್ಕ್ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಅವುಗಳ ಕೆಲಸವಲ್ಲ. ಕೆಡುತ್ತಿರುವ ಡಿಸ್ಕ್ ಮೇಲೆ ರಿಪೇರಿ ಓಡಿಸಿದರೆ ಅದು ಡಿಸ್ಕ್‌ಗೆ ಬರೆಯುತ್ತದೆ, ಫೋಲ್ಡರ್‌ಗಳ ಕೊಂಡಿ ಕತ್ತರಿಸುತ್ತದೆ, ಉಳಿಸಬಹುದಾಗಿದ್ದ ಫೈಲ್‌ಗಳೂ ಕೈತಪ್ಪುತ್ತವೆ.

ಹಾಗಾಗಿ ಇಲ್ಲಿ ಕಮಾಂಡ್‌ಗಳಿಗಿಂತ ಅವುಗಳ ಕ್ರಮ ಮುಖ್ಯ. ಮೊದಲು ಡಿಸ್ಕ್‌ಗೆ ಏನೂ ಮಾಡದೆ ಅದರ ದಾಖಲೆ ಓದಬೇಕು. ಆಮೇಲೆ ಬ್ಯಾಕಪ್. ಅದಾದ ಮೇಲಷ್ಟೇ ಡಿಸ್ಕ್‌ಗೆ ದುಡಿತ ಕೊಡುವ ಪರೀಕ್ಷೆಗಳು. ಬರೆಯುವ ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಬೇರೆ ಹೇಳದ ಕಡೆ ಎಲ್ಲವೂ ಸಣ್ಣಕ್ಷರ. ಒಂದಕ್ಷರದ ಆಪ್ಷನ್‌ಗಳಲ್ಲಿ ಸಣ್ಣಕ್ಷರ ದೊಡ್ಡಕ್ಷರ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ಅದಕ್ಕೇ ಸಾಧ್ಯವಾದ ಕಡೆಯೆಲ್ಲ ಎರಡು ಗೆರೆಯ ಉದ್ದ ಆಪ್ಷನ್ ಬಳಸಿದ್ದೇನೆ.

## ಹಂತ 1: ಬೇಕಾದ ಸಾಧನಗಳು

ಮುಖ್ಯವಾಗಿ ಬೇಕಾದದ್ದು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಪ್ಯಾಕೇಜ್. ಸ್ಮಾರ್ಟ್‌ಸಿಟಿಎಲ್ ಎಂಬ ಕಮಾಂಡ್ ಬರುವುದು ಇದರ ಜೊತೆಗೆ. ಉಬುಂಟು, ಡೆಬಿಯನ್‌ನಲ್ಲಿ (ಸುಡೊ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂದರ್ಥ):

ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಮಾರ್ಟ್‌ಮಾನ್‌ಟೂಲ್ಸ್

ಫೆಡೋರಾದಲ್ಲಿ ಆಪ್ಟ್ ಬದಲು ಡಿಎನ್‌ಎಫ್. ಮ್ಯಾಕ್ ಮತ್ತು ವಿಂಡೋಸ್‌ಗೂ ಇದೇ ಸ್ಮಾರ್ಟ್‌ಸಿಟಿಎಲ್ ಸಿಗುತ್ತದೆ, ಕಮಾಂಡ್‌ಗಳೂ ಹೆಚ್ಚುಕಡಿಮೆ ಇವೇ.

ಎರಡನೆಯದು ಡಿಡಿರೆಸ್ಕ್ಯೂ, ಕೆಡುತ್ತಿರುವ ಡಿಸ್ಕ್‌ನಿಂದ ಮಾಹಿತಿ ಕಾಪಿ ಮಾಡುವ ಸಾಧನ. ಇದನ್ನು ಈಗಲೇ ಹಾಕಿಕೊಳ್ಳಿ, ಡಿಸ್ಕ್ ಕೈಕೊಟ್ಟ ಹೊತ್ತಿನಲ್ಲಿ ಹುಡುಕುತ್ತಾ ಕೂರಬೇಡಿ. ಡೆಬಿಯನ್, ಉಬುಂಟುವಿನಲ್ಲಿ ಒಂದು ಗೊಂದಲವಿದೆ: ಅಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು 'ಜಿ' ಇರಬೇಕು. 'ಜಿ' ಇಲ್ಲದ ಹೆಸರಿನಲ್ಲಿ ಬೇರೆಯೇ ಒಂದು ಸಾಧನವಿದೆ. ಹಂತ 7, 8ರಲ್ಲಿ ಬೇಕಾಗುವ ಡಿಬಗ್‌ಎಫ್‌ಎಸ್ ಮತ್ತು ಬ್ಯಾಡ್‌ಬ್ಲಾಕ್ಸ್ ಸಾಮಾನ್ಯವಾಗಿ ಲಿನಕ್ಸ್ ಜೊತೆಗೇ ಬಂದಿರುತ್ತವೆ.

## ಹಂತ 2: ಯಾವ ಡಿಸ್ಕ್ ಎಂದು ಖಚಿತ ಮಾಡಿಕೊಳ್ಳಿ

ಎಲ್‌ಎಸ್‌ಬಿಎಲ್‌ಕೆ --ಔಟ್‌ಪುಟ್ ನೇಮ್,ಸೈಜ್,ಮಾಡೆಲ್,ಸೀರಿಯಲ್,ಮೌಂಟ್‌ಪಾಯಿಂಟ್

ಇದರಲ್ಲಿ ಬಂದ ಸೀರಿಯಲ್ ನಂಬರನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಡಿಸ್ಕ್‌ಗಳಿಗೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಖಾಯಂ ಅಲ್ಲ. ರೀಬೂಟ್ ಆದರೆ, ಯುಎಸ್‌ಬಿ ಕಿತ್ತು ಮತ್ತೆ ಹಾಕಿದರೆ, ನಿನ್ನೆಯ ಎಸ್‌ಡಿಬಿ ಇವತ್ತು ಎಸ್‌ಡಿಸಿ ಆಗಿರಬಹುದು. ಓದುವ ಕಮಾಂಡ್‌ನಲ್ಲಿ ಹೆಸರು ತಪ್ಪಿದರೆ ನಷ್ಟವಿಲ್ಲ. ಬರೆಯುವ ಕಮಾಂಡ್‌ನಲ್ಲಿ ತಪ್ಪಿದರೆ ಗಟ್ಟಿಮುಟ್ಟಾದ ಡಿಸ್ಕ್ ಅಳಿಸಿಹೋಗುತ್ತದೆ. ಒಂದೊಂದು ಹಂತಕ್ಕೂ ಮೊದಲು ಸೀರಿಯಲ್ ನಂಬರ್ ತಾಳೆ ನೋಡಿ.

ಮುಂದಿನ ಉದಾಹರಣೆಗಳಲ್ಲಿ ಪರೀಕ್ಷೆ ಮಾಡುವ ಡಿಸ್ಕ್ /ಡೆವ್/ಎಸ್‌ಡಿಬಿ ಎಂದಿಟ್ಟುಕೊಳ್ಳೋಣ.

## ಹಂತ 3: ಕರ್ನಲ್ ದಾಖಲೆ ಓದಿ

ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು, ಡಿಸ್ಕ್ ಜೊತೆ ಮಾತಾಡುವುದು ಅದೇ. ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಕಾರಣ ಬಹಳ ಸಲ ಗೊತ್ತಾಗುವುದು ಇಲ್ಲಿಯೇ.

ಸುಡೊ ಜರ್ನಲ್‌ಸಿಟಿಎಲ್ --ಡಿಮೆಸ್ಗ್ | ಗ್ರೆಪ್ --ಇಗ್ನೋರ್-ಕೇಸ್ ಎರರ್

"ಐ/ಒ ಎರರ್, ಡೆವ್ ಎಸ್‌ಡಿಬಿ, ಸೆಕ್ಟರ್" ಎಂದು ಒಂದು ಸಂಖ್ಯೆಯ ಜೊತೆ ಸಾಲು ಬಂದರೆ ಓದುವಾಗಲೋ ಬರೆಯುವಾಗಲೋ ತೊಂದರೆಯಾಗಿದೆ ಎಂದರ್ಥ. ಸೆಕ್ಟರ್ ಎಂದರೆ ಡಿಸ್ಕ್‌ನ ಒಂದು ಚಿಕ್ಕ ತುಂಡು ಜಾಗ. ಅದರ ಆಚೀಚೆ ಸಾಲುಗಳನ್ನೂ ನೋಡಿ. ಅಲ್ಲಿ ದೊಡ್ಡಕ್ಷರದಲ್ಲಿ 'ಯುಎನ್‌ಸಿ' ಎಂದಿದ್ದರೆ ಡಿಸ್ಕ್‌ನ ಆ ಜಾಗವನ್ನು ಓದಲು ಆಗಲಿಲ್ಲ, ತೊಂದರೆ ಡಿಸ್ಕ್‌ನ ಒಳಗೇ ಇದೆ. 'ಐಸಿಆರ್‌ಸಿ' ಎಂದಿದ್ದರೆ ಮಾಹಿತಿ ದಾರಿಯಲ್ಲಿ ಕೆಟ್ಟಿದೆ, ಮೊದಲು ಅನುಮಾನಿಸಬೇಕಾದ್ದು ಕೇಬಲ್ ಮತ್ತು ಕನೆಕ್ಟರ್. "ಹಾರ್ಡ್ ರೀಸೆಟಿಂಗ್ ಲಿಂಕ್" ಎಂಬ ಸಾಲು ಪದೇಪದೇ ಬರುತ್ತಿದ್ದರೆ ಕೇಬಲ್, ವಿದ್ಯುತ್ ಪೂರೈಕೆ, ಡಿಸ್ಕ್ ಮೂರರಲ್ಲಿ ಯಾವುದೂ ಆಗಿರಬಹುದು.

ಕೇಬಲ್ ಕೆಟ್ಟಿದ್ದಕ್ಕೆ ಒಳ್ಳೆಯ ಡಿಸ್ಕ್ ಎಸೆದವರು ಬಹಳ ಜನ ಇದ್ದಾರೆ. ಅದಕ್ಕೇ ಈ ಹಂತ ಬಿಡಬೇಡಿ.

## ಹಂತ 4: ಸ್ಮಾರ್ಟ್ ಮಾಹಿತಿ ಓದಿ, ಆದರೆ ಸರಿಯಾದ ಕಾಲಮ್ ಓದಿ

ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಮೊದಲು ಇದು:

ಸುಡೊ ಸ್ಮಾರ್ಟ್‌ಸಿಟಿಎಲ್ --ಹೆಲ್ತ್ /ಡೆವ್/ಎಸ್‌ಡಿಬಿ

"ಪಾಸ್ಡ್" ಎಂದು ಬರುತ್ತದೆ. ಇಲ್ಲಿಗೇ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತಯಾರಕರು ಇಟ್ಟ ಮಿತಿಯನ್ನು ಯಾವ ಅಂಶವೂ ಇನ್ನೂ ದಾಟಿಲ್ಲ ಎನ್ನುವುದಷ್ಟೇ ಇದರ ಅರ್ಥ. ಆ ಮಿತಿ ಬಹಳ ಸಡಿಲ. ಓದಲಾಗದ ಸೆಕ್ಟರ್‌ಗಳು ನೂರಾರು ಇರುವ ಡಿಸ್ಕ್ ಕೂಡ ಪಾಸ್ ಆಗಬಹುದು. "ಫೇಲ್ಡ್" ಎಂದು ಬಂದರೆ ಮಾತ್ರ ಎರಡನೇ ಯೋಚನೆ ಬೇಡ: ಪರೀಕ್ಷೆ ನಿಲ್ಲಿಸಿ ನೇರ ಹಂತ 5ಕ್ಕೆ ಹೋಗಿ.

ನಿಜವಾದ ವಿಷಯ ಇರುವುದು ಇಲ್ಲಿ:

ಸುಡೊ ಸ್ಮಾರ್ಟ್‌ಸಿಟಿಎಲ್ --ಆಟ್ರಿಬ್ಯೂಟ್ಸ್ /ಡೆವ್/ಎಸ್‌ಡಿಬಿ

ಉದ್ದನೆಯ ಪಟ್ಟಿ ಬರುತ್ತದೆ. ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಐಡಿ 197, ಹೆಸರು ಕರೆಂಟ್ ಪೆಂಡಿಂಗ್ ಸೆಕ್ಟರ್, ವ್ಯಾಲ್ಯೂ 100, ವರ್ಸ್ಟ್ 100, ಥ್ರೆಶ್ 000, ಕೊನೆಯಲ್ಲಿ ರಾ ವ್ಯಾಲ್ಯೂ 8. ನೂರಕ್ಕೆ ನೂರು ಇದೆಯಲ್ಲ, ಚೆನ್ನಾಗಿದೆ ಎಂದುಕೊಳ್ಳುವುದು ಸಹಜ. ಆದರೆ ಈ ಸಾಲಿನಲ್ಲಿ ನೋಡಬೇಕಾದ್ದು ಕೊನೆಯ 8 ಮಾತ್ರ. ಎಂಟು ಸೆಕ್ಟರ್‌ಗಳನ್ನು ಓದಲು ಆಗುತ್ತಿಲ್ಲ ಎಂದು ಡಿಸ್ಕ್ ಹೇಳುತ್ತಿದೆ. ಕೆಲವು ಡಿಸ್ಕ್‌ಗಳಲ್ಲಿ ಈ ಸಂಖ್ಯೆ 8, 16, 24 ಹೀಗೆ ಎಂಟರ ಲೆಕ್ಕದಲ್ಲೇ ಏರುತ್ತದೆ. ಒಳಗಿನ ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ತೋರಿಸುವುದು 512 ಬೈಟ್, ಆದ್ದರಿಂದ ಒಂದು ಕೆಟ್ಟರೆ ಲೆಕ್ಕದಲ್ಲಿ ಎಂಟಾಗುತ್ತದೆ.

ಗಮನ ಕೊಡಬೇಕಾದ ಸಾಲುಗಳು ಇವು, ಎಲ್ಲದರಲ್ಲೂ ರಾ ವ್ಯಾಲ್ಯೂ ನೋಡಿ:

- 5, ರೀಅಲೊಕೇಟೆಡ್ ಸೆಕ್ಟರ್: ಕೆಟ್ಟ ಸೆಕ್ಟರ್ ಬಿಟ್ಟು ಬದಲಿ ಸೆಕ್ಟರ್ ಬಳಸಿದ ಲೆಕ್ಕ. ಸಣ್ಣ ಸಂಖ್ಯೆ ಇದ್ದು ವಾರಗಟ್ಟಲೆ ಅಲ್ಲೇ ನಿಂತಿದ್ದರೆ ಗಾಬರಿ ಬೇಡ. ಏರುತ್ತಿದ್ದರೆ ಡಿಸ್ಕ್ ಬದಲಿಸಿ.
- 197, ಪೆಂಡಿಂಗ್ ಸೆಕ್ಟರ್: ಈಗ ಓದಲಾಗದೆ ಕಾದು ಕೂತಿರುವ ಸೆಕ್ಟರ್. ಸೊನ್ನೆ ಅಲ್ಲದಿದ್ದರೆ ಇವತ್ತೇ ಬ್ಯಾಕಪ್.
- 198, ಆಫ್‌ಲೈನ್ ಅನ್‌ಕರೆಕ್ಟಬಲ್: ಸಾಮಾನ್ಯವಾಗಿ 197ರ ಜೊತೆಗೇ ಏರುತ್ತದೆ.
- 187, ರಿಪೋರ್ಟೆಡ್ ಅನ್‌ಕರೆಕ್ಟ್: ಡಿಸ್ಕ್ ಸರಿಪಡಿಸಲಾಗದೆ ಕಂಪ್ಯೂಟರ್‌ಗೆ ಎರರ್ ಕೊಟ್ಟ ಸಲಗಳು.
- 10, ಸ್ಪಿನ್ ರಿಟ್ರೈ: ತಟ್ಟೆ ತಿರುಗಿಸಲು ಮತ್ತೆ ಮತ್ತೆ ಪ್ರಯತ್ನ ಪಡಬೇಕಾಯಿತು ಎಂದರ್ಥ. ಸೊನ್ನೆಗಿಂತ ಹೆಚ್ಚಿದ್ದರೆ ಮುಂದಿನ ಸಲ ಡಿಸ್ಕ್ ಶುರುವಾಗದೇ ಇರಬಹುದು.
- 199, ಸಿಆರ್‌ಸಿ ಎರರ್: ಕೇಬಲ್ ಕಡೆಯ ತೊಂದರೆ. ಕೇಬಲ್ ಬದಲಿಸಿದ ಮೇಲೂ ಹಳೆಯ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ. ಮುಂದಕ್ಕೆ ಏರದೆ ನಿಂತರೆ ಸರಿಹೋಯಿತು ಎಂದರ್ಥ.

ತಪ್ಪಾಗಿ ಓದುವ ಎರಡು ಜಾಗಗಳಿವೆ. ಒಂದು, 'ಟೈಪ್' ಕಾಲಮ್‌ನಲ್ಲಿ "ಪ್ರೀ-ಫೇಲ್" ಎಂದು ಕಂಡು ಡಿಸ್ಕ್ ಸಾಯುತ್ತಿದೆ ಎಂದುಕೊಳ್ಳುವುದು. ಅದು ಆ ಅಂಶ ಯಾವ ಬಗೆಯದು ಎಂಬ ಹೆಸರಷ್ಟೇ, ಹೊಸ ಡಿಸ್ಕ್‌ನಲ್ಲೂ ಹಾಗೇ ಇರುತ್ತದೆ. ತೊಂದರೆ ಇದ್ದರೆ 'ವೆನ್ ಫೇಲ್ಡ್' ಕಾಲಮ್‌ನಲ್ಲಿ "ಫೇಲಿಂಗ್ ನೌ" ಎಂದು ಬರುತ್ತದೆ. ಎರಡು, ಸೀಗೇಟ್ ಡಿಸ್ಕ್‌ಗಳಲ್ಲಿ ಐಡಿ 1 ಮತ್ತು 7ರ ರಾ ವ್ಯಾಲ್ಯೂ ಕೋಟಿಗಟ್ಟಲೆ ಇರುತ್ತದೆ. ಅದರಲ್ಲಿ ಎರರ್‌ಗಳ ಲೆಕ್ಕ, ಒಟ್ಟು ಕೆಲಸದ ಲೆಕ್ಕ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಸೇರಿಸಿರುತ್ತಾರೆ. ತಲೆಕೆಡಿಸಿಕೊಳ್ಳಬೇಡಿ.

ಇಷ್ಟೆಲ್ಲ ಸೊನ್ನೆ ಇದ್ದರೆ ನಿಶ್ಚಿಂತೆಯೇ? ಇಲ್ಲ. 2007ರಲ್ಲಿ ಗೂಗಲ್ ಎಂಜಿನಿಯರ್‌ಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳಲ್ಲಿ ಸ್ಮಾರ್ಟ್‌ನ ಬಲವಾದ ನಾಲ್ಕು ಸೂಚನೆಗಳಲ್ಲಿ ಒಂದೂ ಮೊದಲೇ ಕಂಡಿರಲಿಲ್ಲ. ಸ್ಮಾರ್ಟ್ ಕೆಟ್ಟದ್ದು ಹೇಳಿದರೆ ನಂಬಿ. ಒಳ್ಳೆಯದು ಹೇಳಿದರೆ ಬ್ಯಾಕಪ್ ಇಟ್ಟುಕೊಂಡೇ ನಂಬಿ.

ಯುಎಸ್‌ಬಿ ಡಿಸ್ಕ್ ಆದರೆ. "ಅನ್‌ನೋನ್ ಯುಎಸ್‌ಬಿ ಬ್ರಿಡ್ಜ್" ಎಂದು ಬಂದರೆ ಕಮಾಂಡ್‌ನಲ್ಲಿ --ಡಿವೈಸ್=ಸ್ಯಾಟ್ ಸೇರಿಸಿ ನೋಡಿ. ಬಹಳಷ್ಟು ಯುಎಸ್‌ಬಿ ಪೆಟ್ಟಿಗೆಗಳು (ಡಿಸ್ಕ್ ಕೂರಿಸಿದ ಹೊರಕವಚ) ಅಷ್ಟಕ್ಕೇ ಮಾತಾಡುತ್ತವೆ. ಕೆಲವು ಏನು ಮಾಡಿದರೂ ಮಾಹಿತಿ ಕೊಡುವುದಿಲ್ಲ. ಆಗ ಡಿಸ್ಕ್ ಹೊರತೆಗೆದು ನೇರ ಸಾಟಾ ಕೇಬಲ್‌ಗೆ ಹಾಕಬೇಕು.

ಎನ್‌ವಿಎಂಇ (ಮದರ್‌ಬೋರ್ಡ್‌ಗೆ ನೇರ ಕೂರುವ ವೇಗದ ಎಸ್‌ಎಸ್‌ಡಿ) ಆದರೆ. ಮೇಲಿನ ಪಟ್ಟಿ ಬರುವುದೇ ಇಲ್ಲ. --ಆಲ್ ಆಪ್ಷನ್ ಕೊಟ್ಟು ಈ ನಾಲ್ಕು ಸಾಲು ನೋಡಿ. ಕ್ರಿಟಿಕಲ್ ವಾರ್ನಿಂಗ್ ಸೊನ್ನೆ ಇರಬೇಕು. ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಸೊನ್ನೆ ಇರಬೇಕು. ಅವೈಲಬಲ್ ಸ್ಪೇರ್ ತನ್ನ ಥ್ರೆಶ್‌ಹೋಲ್ಡ್‌ಗಿಂತ ಮೇಲಿರಬೇಕು. ಪರ್ಸೆಂಟೇಜ್ ಯೂಸ್ಡ್ ಎನ್ನುವುದು ತುಂಬಿದ ಜಾಗವಲ್ಲ, ಸವೆದ ಆಯಸ್ಸು. ಅದು 100 ದಾಟಿದರೂ ಡಿಸ್ಕ್ ಓಡುತ್ತಿರಬಹುದು, ಆದರೆ ತಯಾರಕರು ಅಂದಾಜಿಸಿದ ಬಾಳಿಕೆ ಮುಗಿದಿದೆ. ಹಂತ 6ರ ಪರೀಕ್ಷೆ ಎನ್‌ವಿಎಂಇಗೂ ಬೇಕಿದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಅಥವಾ ಅದಕ್ಕಿಂತ ಹೊಸದು ಇರಲಿ.

## ಹಂತ 5: ಪರೀಕ್ಷೆಗೆ ಮೊದಲು ಬ್ಯಾಕಪ್

ಮುಂದಿನ ಪರೀಕ್ಷೆ ಡಿಸ್ಕ್‌ನ ಮೂಲೆಮೂಲೆ ಓದುತ್ತದೆ. ಸೋತ ಡಿಸ್ಕ್‌ನಲ್ಲಿ ಉಳಿದಿರುವ ಓಟ ಎಷ್ಟೋ ಯಾರಿಗೂ ತಿಳಿಯದು. ಆ ಓಟ ಪರೀಕ್ಷೆಗೆ ಖರ್ಚಾಗಬಾರದು, ನಿಮ್ಮ ಫೈಲ್‌ಗಳನ್ನು ಈಚೆ ತರಲು ಖರ್ಚಾಗಬೇಕು.

ಹಂತ 3 ಮತ್ತು 4ರಲ್ಲಿ ಏನೂ ಕಾಣದಿದ್ದರೆ ಮಾಮೂಲಿಯಂತೆ ಕಾಪಿ ಮಾಡಿಕೊಳ್ಳಿ. ಪೆಂಡಿಂಗ್ ಸೆಕ್ಟರ್ ಕಂಡಿದ್ದರೆ ಅಥವಾ ಐ/ಒ ಎರರ್ ಬಂದಿದ್ದರೆ ಮಾಮೂಲಿ ಕಾಪಿ ಬೇಡ. ಅದು ಕೆಟ್ಟ ಜಾಗದಲ್ಲೇ ಸಿಕ್ಕಿಕೊಂಡು ಡಿಸ್ಕ್‌ಗೆ ಹಿಂಸೆ ಕೊಡುತ್ತದೆ. ಪಾರ್ಟಿಷನ್‌ಗಳನ್ನು (ಡಿಸ್ಕ್‌ನ ವಿಭಾಗಗಳನ್ನು) ಅನ್‌ಮೌಂಟ್ ಮಾಡಿ, ಅಂದರೆ ಬಳಕೆಯಿಂದ ಬಿಡಿಸಿ, ಡಿಡಿರೆಸ್ಕ್ಯೂ ಬಳಸಿ. ಇದು ಮೊದಲು ಸುಲಭವಾಗಿ ಬರುವುದನ್ನೆಲ್ಲ ತೆಗೆದುಕೊಂಡು, ಕಷ್ಟದ ಜಾಗಗಳನ್ನು ಗುರುತು ಹಾಕಿ ಮುಂದಕ್ಕೆ ಹೋಗುತ್ತದೆ.

ಸುಡೊ ಡಿಡಿರೆಸ್ಕ್ಯೂ --ಐಡೈರೆಕ್ಟ್ --ನೋ-ಸ್ಕ್ರೇಪ್ /ಡೆವ್/ಎಸ್‌ಡಿಬಿ ಡಿಸ್ಕ್.ಇಮ್ಗ್ ಡಿಸ್ಕ್.ಮ್ಯಾಪ್

ಅದು ಮುಗಿದ ಮೇಲೆ ಕಷ್ಟದ ಜಾಗಗಳಿಗೆ ಎರಡನೇ ಸುತ್ತು:

ಸುಡೊ ಡಿಡಿರೆಸ್ಕ್ಯೂ --ಐಡೈರೆಕ್ಟ್ --ರಿಟ್ರೈ-ಪಾಸಸ್=3 /ಡೆವ್/ಎಸ್‌ಡಿಬಿ ಡಿಸ್ಕ್.ಇಮ್ಗ್ ಡಿಸ್ಕ್.ಮ್ಯಾಪ್

ಮೊದಲು ಕೆಟ್ಟ ಡಿಸ್ಕ್, ಆಮೇಲೆ ಕಾಪಿ ಹೋಗುವ ಜಾಗ. ಈ ಕ್ರಮ ಅದಲುಬದಲಾದರೆ ಕಥೆ ಮುಗಿಯಿತು. ಇಮ್ಗ್ ಫೈಲ್ (ಇಡೀ ಡಿಸ್ಕ್‌ನ ನಕಲು, ಅಂದರೆ ಇಮೇಜ್) ಬೇರೆ ಡಿಸ್ಕ್ ಮೇಲಿರಬೇಕು, ಅಲ್ಲಿ ಇಡೀ ಡಿಸ್ಕ್‌ನಷ್ಟು ಖಾಲಿ ಜಾಗ ಬೇಕು. ಮ್ಯಾಪ್ ಫೈಲ್ ಬಿಡಲೇಬೇಡಿ. ಅದಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಎಫ್‌ಎಸ್‌ಸಿಕೆ ಓಡಿಸಲೇಬೇಕಿದ್ದರೆ ಈ ಇಮೇಜಿನ ಇನ್ನೊಂದು ಪ್ರತಿಯ ಮೇಲೆ ಓಡಿಸಿ, ಮೂಲ ಡಿಸ್ಕ್ ಮೇಲೆ ಬೇಡ.

ಡಿಸ್ಕ್ ಒಳಗಿಂದ ಒಂದೇ ಸಮ ಟಿಕ್ ಟಿಕ್ ಅಥವಾ ಕೆರೆಯುವ ಸದ್ದು ಬರುತ್ತಿದ್ದರೆ ಇದನ್ನೂ ಮಾಡಬೇಡಿ. ಕೂಡಲೇ ಆಫ್ ಮಾಡಿ. ಒಳಗಿನದು ಬೆಲೆಬಾಳುವ ಮಾಹಿತಿಯಾಗಿದ್ದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡುವುದೇ ಸರಿ.

## ಹಂತ 6: ಡಿಸ್ಕ್‌ನಿಂದಲೇ ಪರೀಕ್ಷೆ ಮಾಡಿಸಿ

ಸುಡೊ ಸ್ಮಾರ್ಟ್‌ಸಿಟಿಎಲ್ --ಟೆಸ್ಟ್=ಶಾರ್ಟ್ /ಡೆವ್/ಎಸ್‌ಡಿಬಿ

ಇದು ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ. ಡಿಸ್ಕ್‌ನ ಸ್ವಲ್ಪ ಭಾಗವನ್ನಷ್ಟೇ ಓದುತ್ತದೆ. ಇದರಲ್ಲೇ ತಪ್ಪು ಸಿಕ್ಕರೆ ಮುಂದೆ ಹೋಗುವ ಅಗತ್ಯವಿಲ್ಲ. ಸಿಗದಿದ್ದರೆ ಶಾರ್ಟ್ ಬದಲು ಲಾಂಗ್ ಎಂದು ಕೊಡಿ. ಇಡೀ ಡಿಸ್ಕ್ ಓದುವುದು ಲಾಂಗ್ ಪರೀಕ್ಷೆ ಮಾತ್ರ.

ಕಮಾಂಡ್ ಕೊಟ್ಟ ಕೂಡಲೇ ಪ್ರಾಂಪ್ಟ್ ವಾಪಸ್ ಬರುತ್ತದೆ. ಪರೀಕ್ಷೆ ಮುಗಿಯಿತು ಎಂದು ತಿಳಿಯಬೇಡಿ, ಈಗ ಶುರುವಾಗಿದೆ ಅಷ್ಟೇ. ಕೆಲಸ ನಡೆಯುವುದು ಡಿಸ್ಕ್ ಒಳಗೆ. 4 ಟಿಬಿ ಡಿಸ್ಕ್ ಸೆಕೆಂಡಿಗೆ ಸರಾಸರಿ 150 ಎಂಬಿ ಓದಿದರೂ ಏಳೂವರೆ ಗಂಟೆಯ ಹತ್ತಿರ ಬೇಕು. ನೀವು ಮಧ್ಯೆ ಡಿಸ್ಕ್ ಬಳಸುತ್ತಿದ್ದರೆ ಇನ್ನೂ ಜಾಸ್ತಿ. ನಿಮ್ಮ ಡಿಸ್ಕ್‌ನ ಅಂದಾಜು ಸಮಯ --ಕೇಪಬಿಲಿಟೀಸ್ ಆಪ್ಷನ್ ಕೊಟ್ಟರೆ ಕಾಣುತ್ತದೆ. ಫಲಿತಾಂಶ ನೋಡುವುದು ಹೀಗೆ:

ಸುಡೊ ಸ್ಮಾರ್ಟ್‌ಸಿಟಿಎಲ್ --ಲಾಗ್=ಸೆಲ್ಫ್‌ಟೆಸ್ಟ್ /ಡೆವ್/ಎಸ್‌ಡಿಬಿ

"ಕಂಪ್ಲೀಟೆಡ್ ವಿದೌಟ್ ಎರರ್" ಬಂದರೆ ಸಂತೋಷ. "ಕಂಪ್ಲೀಟೆಡ್: ರೀಡ್ ಫೇಲ್ಯೂರ್" ಬಂದರೆ ಡಿಸ್ಕ್ ಕೆಟ್ಟಿದೆ, --ಹೆಲ್ತ್ ಪಾಸ್ ಎಂದಿದ್ದರೂ ಸರಿಯೇ. ಎಷ್ಟೋ ಡಿಸ್ಕ್‌ಗಳು ಮೊದಲ ಕೆಟ್ಟ ಜಾಗ ಸಿಕ್ಕಲ್ಲೇ ಪರೀಕ್ಷೆ ನಿಲ್ಲಿಸುತ್ತವೆ. ಆದ್ದರಿಂದ ಒಂದೇ ಜಾಗ ತೋರಿಸಿದೆ ಎಂದರೆ ಒಂದೇ ಕೆಟ್ಟಿದೆ ಎಂದಲ್ಲ.

"ಇಂಟರಪ್ಟೆಡ್" ಅಥವಾ "ಅಬಾರ್ಟೆಡ್ ಬೈ ಹೋಸ್ಟ್" ಬಂದರೆ ಪರೀಕ್ಷೆ ಪೂರ್ತಿಯಾಗಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಾಗ, ರೀಬೂಟ್ ಮಾಡಿದಾಗ, ಯುಎಸ್‌ಬಿ ಪೆಟ್ಟಿಗೆ ಕೆಲಸವಿಲ್ಲ ಎಂದು ಡಿಸ್ಕ್ ಮಲಗಿಸಿದಾಗ ಹೀಗಾಗುತ್ತದೆ. ಸ್ಲೀಪ್ ಆಫ್ ಮಾಡಿ. ಯುಎಸ್‌ಬಿ ಆದರೆ ನಿಮಿಷಕ್ಕೊಮ್ಮೆ ಸ್ಮಾರ್ಟ್‌ಸಿಟಿಎಲ್ --ಇನ್ಫೋ ಕೇಳುತ್ತಿದ್ದರೆ ಎಷ್ಟೋ ಪೆಟ್ಟಿಗೆಗಳು ಎಚ್ಚರವಾಗಿಯೇ ಇರುತ್ತವೆ. ಆಮೇಲೆ ಮತ್ತೆ ಮೊದಲಿಂದ ಶುರು ಮಾಡಿ.

ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು. ಸ್ಮಾರ್ಟ್‌ಸಿಟಿಎಲ್ ಹಿಂದಿರುಗಿಸುವ ಎಗ್ಸಿಟ್ ಸಂಖ್ಯೆ ಸೊನ್ನೆ ಅಲ್ಲದಿದ್ದರೆ ಅದನ್ನು ಬಿಟ್ ಲೆಕ್ಕದಲ್ಲಿ ಓದಬೇಕು. 8 ಎಂದರೆ ಡಿಸ್ಕ್ ಫೇಲ್ ಆಗುತ್ತಿದೆ, 64 ಎಂದರೆ ಎರರ್ ಲಾಗ್‌ನಲ್ಲಿ ದಾಖಲೆ ಇದೆ, 128 ಎಂದರೆ ಸೆಲ್ಫ್ ಟೆಸ್ಟ್ ಲಾಗ್‌ನಲ್ಲಿ ತಪ್ಪಿದೆ. 192 ಬಂದರೆ ಕೊನೆಯ ಎರಡೂ.

## ಹಂತ 7: ಕೆಟ್ಟ ಜಾಗದಲ್ಲಿ ಯಾವ ಫೈಲ್ ಇದೆ?

ಲಾಗ್‌ನ ಕೊನೆಯ ಕಾಲಮ್‌ನಲ್ಲಿ ಮೊದಲ ಕೆಟ್ಟ ಸೆಕ್ಟರ್‌ನ ಸಂಖ್ಯೆ ಇರುತ್ತದೆ. ಅದು 81922048 ಎಂದುಕೊಳ್ಳಿ. ಸುಡೊ ಎಫ್‌ಡಿಸ್ಕ್ --ಲಿಸ್ಟ್ /ಡೆವ್/ಎಸ್‌ಡಿಬಿ ಎಂದು ಕೊಟ್ಟು ಪಾರ್ಟಿಷನ್ ಎಲ್ಲಿ ಶುರುವಾಗುತ್ತದೆ ನೋಡಿ. ಅದು 2048, ಸೆಕ್ಟರ್ 512 ಬೈಟ್, ಎಕ್ಸ್‌ಟ್4ನ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಫೈಲ್ ಸಿಸ್ಟಮ್) ಬ್ಲಾಕ್ 4096 ಬೈಟ್ ಆದರೆ ಲೆಕ್ಕ ಸುಲಭ. 81922048ರಲ್ಲಿ 2048 ಕಳೆದರೆ 81920000. ಅದನ್ನು 8ರಿಂದ ಭಾಗಿಸಿದರೆ 10240000. ಇದು ಬ್ಲಾಕ್ ಸಂಖ್ಯೆ.

ಈಗ ಸುಡೊ ಡಿಬಗ್‌ಎಫ್‌ಎಸ್ /ಡೆವ್/ಎಸ್‌ಡಿಬಿ1 ಎಂದು ಒಳಗೆ ಹೋಗಿ. ಐಚೆಕ್ 10240000 ಎಂದರೆ ಒಂದು ಐನೋಡ್ ಸಂಖ್ಯೆ (ಫೈಲ್‌ನ ಒಳ ಗುರುತಿನ ಸಂಖ್ಯೆ) ಕೊಡುತ್ತದೆ. ಎನ್‌ಚೆಕ್ ಎಂದು ಆ ಸಂಖ್ಯೆ ಕೊಟ್ಟರೆ ಫೈಲ್‌ನ ಪೂರ್ತಿ ಹೆಸರು ಬರುತ್ತದೆ. ಹೀಗೇ ಓಡಿಸಿದರೆ ಡಿಬಗ್‌ಎಫ್‌ಎಸ್ ಓದುತ್ತದಷ್ಟೇ, ಬರೆಯುವುದಿಲ್ಲ. ಐನೋಡ್ ಸಿಗದಿದ್ದರೆ ಆ ಜಾಗ ಖಾಲಿ ಇರಬಹುದು, ನೀವು ಬಚಾವ್. ಯಾವ ಫೈಲ್ ಹೋಗಿದೆ ಎಂದು ತಿಳಿದರೆ ಅದೊಂದನ್ನು ಹಳೆಯ ಬ್ಯಾಕಪ್‌ನಿಂದ ತರಬಹುದು ಅಲ್ವಾ? ಈ ಲೆಕ್ಕ ಎಕ್ಸ್‌ಟ್4 ಕುಟುಂಬಕ್ಕೆ ಮಾತ್ರ.

## ಹಂತ 8: ಬ್ಯಾಡ್‌ಬ್ಲಾಕ್ಸ್, ಎಚ್ಚರಿಕೆಯಿಂದ

ಸುಡೊ ಬ್ಯಾಡ್‌ಬ್ಲಾಕ್ಸ್ -ಎಸ್ -ವಿ -ಬಿ 4096 /ಡೆವ್/ಎಸ್‌ಡಿಬಿ

ಇದು ಓದುವ ಪರೀಕ್ಷೆ. -ಬಿ 4096 ಬಿಟ್ಟರೆ ದೊಡ್ಡ ಡಿಸ್ಕ್‌ಗಳಲ್ಲಿ ಸಂಖ್ಯೆ ಮಿತಿ ಮೀರಿತು ಎಂದು ಎರರ್ ಕೊಟ್ಟು ನಿಲ್ಲುತ್ತದೆ. -ಡಬ್ಲ್ಯು ಸೇರಿಸಿದರೆ ಬರೆಯುವ ಪರೀಕ್ಷೆ, ಡಿಸ್ಕ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಹೊಸ ಡಿಸ್ಕ್‌ಗೆ ಮಾಹಿತಿ ತುಂಬುವ ಮೊದಲು ಇದು ಒಳ್ಳೆಯ ಪರೀಕ್ಷೆ. ನಾಲ್ಕು ಮಾದರಿ ಬರೆದು ನಾಲ್ಕು ಸಲ ಓದುತ್ತದೆ, ಅಂದರೆ ಡಿಸ್ಕ್ ಪೂರ್ತಿ ಎಂಟು ಸುತ್ತು. 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತದೆ. ಎಸ್‌ಎಸ್‌ಡಿ ಮೇಲೆ ಮಾತ್ರ ಬೇಡ, ಸುಮ್ನೆ ಸವೆತ.

ಮುಗಿದ ಮೇಲೆ ಹಂತ 4ರ ಪಟ್ಟಿ ಮತ್ತೆ ತೆಗೆದು ಹೋಲಿಸಿ. ಬರೆದಾಗ ಪೆಂಡಿಂಗ್ ಸೆಕ್ಟರ್ ಒಂದೋ ಸರಿಹೋಗುತ್ತದೆ, ಇಲ್ಲವೇ ಬದಲಿ ಸೆಕ್ಟರ್ ಪಡೆಯುತ್ತದೆ. ಹಾಗಾಗಿ 197 ಇಳಿದು 5 ಏರಿದರೆ ಲೆಕ್ಕ ಸರಿಯಾಗಿದೆ. ಬರೆದ ಮೇಲೂ 197 ಮತ್ತೆ ಏರಿದರೆ ಆ ಡಿಸ್ಕ್‌ಗೆ ಮಾಹಿತಿ ಒಪ್ಪಿಸಬೇಡಿ.

## ಹಂತ 9: ಮುಂದೆ ತಾನಾಗೇ ನೋಡಿಕೊಳ್ಳಲಿ

ಸ್ಮಾರ್ಟ್‌ಡಿ ಎಂಬ ಸೇವೆ ಇದೇ ಪ್ಯಾಕೇಜಿನಲ್ಲಿದೆ. ಅದರ ಸೆಟ್ಟಿಂಗ್ ಫೈಲ್ ಡೆಬಿಯನ್, ಉಬುಂಟುವಿನಲ್ಲಿ /ಇಟಿಸಿ/ಸ್ಮಾರ್ಟ್‌ಡಿ.ಕಾನ್ಫ್. ಅಲ್ಲಿ ಡಿವೈಸ್‌ಸ್ಕ್ಯಾನ್ ಎಂದು ಪೂರ್ತಿ ದೊಡ್ಡಕ್ಷರದಲ್ಲಿ ಶುರುವಾಗುವ ಸಾಲಿಗೆ -ಎ ಮತ್ತು -ಎಸ್ (ಎಸ್/../.././02|ಎಲ್/../../6/03) ಸೇರಿಸಿ. ಆವರಣದ ಒಳಗಿನ ಎಸ್, ಎಲ್ ಎರಡೂ ದೊಡ್ಡಕ್ಷರ, ಹೊರಗಿನವು ಸಣ್ಣಕ್ಷರ. ದಿನಾ ರಾತ್ರಿ 2ಕ್ಕೆ ಶಾರ್ಟ್, ಶನಿವಾರ ಬೆಳಗಿನ ಜಾವ 3ಕ್ಕೆ ಲಾಂಗ್ ಎಂದರ್ಥ. ಸಣ್ಣಕ್ಷರದ -ಎಂ ಮುಂದೆ ನಿಮ್ಮ ಮೇಲ್ ವಿಳಾಸ ಬರೆಯಿರಿ. ಮೇಲ್ ಕಳಿಸುವ ವ್ಯವಸ್ಥೆ ಕಂಪ್ಯೂಟರ್‌ನಲ್ಲಿ ಮೊದಲೇ ಇರಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಸ್ಮಾರ್ಟ್‌ಡಿ ಆ ಡಿವೈಸ್‌ಸ್ಕ್ಯಾನ್ ಸಾಲಿನ ನಂತರದ್ದು ಯಾವುದನ್ನೂ ಓದುವುದಿಲ್ಲ. ಫೈಲ್‌ನ ತುದಿಯಲ್ಲಿ ನಿಮ್ಮದೇ ಸಾಲು ಸೇರಿಸಿದ್ದರೆ ಅದು ಇದ್ದೂ ಇಲ್ಲದಂತೆ. ಇರುವ ಸಾಲನ್ನೇ ತಿದ್ದಿ, ಅಥವಾ ಅದರ ಮುಂದೆ # ಹಾಕಿ ನಿಮ್ಮದನ್ನು ಬರೆಯಿರಿ. ಆಮೇಲೆ ಅದೇ ಸಾಲಿಗೆ ದೊಡ್ಡಕ್ಷರದ -ಎಂ ಹಾಕಿ ಟೆಸ್ಟ್ ಎಂದು ಸೇರಿಸಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ಡಿಸ್ಕ್‌ಗೊಂದರಂತೆ ಮೇಲ್ ಬರಬೇಕು. ಬಂದರೆ ಆ ಟೆಸ್ಟ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಬರದಿದ್ದರೆ ಸುಡೊ ಜರ್ನಲ್‌ಸಿಟಿಎಲ್ --ಐಡೆಂಟಿಫೈಯರ್=ಸ್ಮಾರ್ಟ್‌ಡಿ ಕೊಟ್ಟು ನೋಡಿ, ಸಾಲಿನಲ್ಲಿ ಎಲ್ಲಿ ತಪ್ಪಿದೆ ಎಂದು ಅದು ತೋರಿಸುತ್ತದೆ. ಅಲ್ಲಿ ತಪ್ಪೇನೂ ಕಾಣದಿದ್ದರೆ ಮೇಲ್ ವ್ಯವಸ್ಥೆಯನ್ನು ಪರೀಕ್ಷಿಸಿ.